ಮುಚ್ಚಿದ ಬಾಗಿಲ ಹಿಂದಿನ ಹಿರಿಯರಿಗೆ ದನಿಯಾಗುವವರು ಯಾರು?

ಜೆರುಸಲೇಮಿನ ಕುರಿಬಾಗಿಲ ಬಳಿ ಐದು ಮಂಟಪಗಳುಳ್ಳ ಒಂದು ಕೊಳವಿತ್ತೆಂದೂ, ಅಲ್ಲಿ ಕುರುಡರು, ಕುಂಟರು, ಪಾರ್ಶ್ವವಾಯು ಪೀಡಿತರು ಗುಂಪುಗುಂಪಾಗಿ ಬಿದ್ದುಕೊಂಡಿದ್ದರೆಂದೂ ಸಂತ ಯೊವಾನ್ನರು ತಮ್ಮ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಅವರ ನಡುವೆ 38 ವರ್ಷಗಳಿಂದ ರೋಗದಿಂದ ನರಳುತ್ತಿದ್ದ ಒಬ್ಬನನ್ನು ಯೇಸುಸ್ವಾಮಿ ಮಾತನಾಡಿಸುತ್ತಾರೆ. ಗುಣಹೊಂದಲು ಮನಸ್ಸಿದೆಯೇ ಎಂಬ ಪ್ರಶ್ನೆಗೆ ಆತನು ತನ್ನ ವ್ಯಾಧಿಯ ವಿವರವನ್ನು ಹೇಳುವುದಿಲ್ಲ. ನೀರು ಉಕ್ಕಿದಾಗ ತನ್ನನ್ನು ಕೊಳಕ್ಕಿಳಿಸಲು ತನಗೆ ಯಾರೂ ಇಲ್ಲವೆಂಬ ಸಂಕಟವನ್ನು ತೋಡಿಕೊಳ್ಳುತ್ತಾನೆ. ಸುತ್ತಲೂ ಜನಸಂದಣಿ ಇದ್ದರೂ ಆತನಿಗೆ ತನ್ನವರೆಂಬ ಒಬ್ಬರೂ ಇರಲಿಲ್ಲ.

2020ರಲ್ಲಿ ಕೊರೋನಾ ಮಹಾಮಾರಿ ಜಗತ್ತನ್ನು ಆವರಿಸಿದಾಗ ವೃದ್ಧಾಶ್ರಮಗಳಲ್ಲಿಯೂ ದೀರ್ಘಕಾಲದ ಶುಶ್ರೂಷಾಲಯಗಳಲ್ಲಿಯೂ ವಾಸವಾಗಿದ್ದ ಲಕ್ಷಾಂತರ ಹಿರಿಯರ ಪಾಡು ಇದೇ ಆಯಿತು. ಬಾಗಿಲುಗಳು ಮುಚ್ಚಿದವು. ಮಕ್ಕಳು, ಮೊಮ್ಮಕ್ಕಳು, ಗುರುಗಳು, ನೆರೆಹೊರೆಯವರು ಎಲ್ಲರೂ ಹೊರಗುಳಿದರು. ಸೋಂಕನ್ನು ತಡೆಯಲು ಕೈಗೊಂಡ ಈ ಕ್ರಮದ ಉದ್ದೇಶವನ್ನು ನಾವು ಅನುಮಾನಿಸುವುದಿಲ್ಲ. ಆದರೆ ಬಾಗಿಲು ಮುಚ್ಚಿದ ಮೇಲೆ ಒಳಗಿರುವವರ ಪರವಾಗಿ ನೋಡುವವರು, ಕೇಳುವವರು, ಮಾತನಾಡುವವರು ಯಾರೆಂಬ ಪ್ರಶ್ನೆಯನ್ನು ಅಂದು ಬಹುಮಂದಿ ಕೇಳಲಿಲ್ಲ. ಇನ್ನೊಂದು ಮಹಾಮಾರಿ ಬರುವ ಮೊದಲೇ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಇದನ್ನು ಅರಿಯಲು ಕೆನಡಾ ದೇಶದ ಅನುಭವವನ್ನು ನೋಡುವುದು ಉಚಿತ. ನಮ್ಮ ಕರಾವಳಿಯ ಮತ್ತು ಬೆಂಗಳೂರಿನ ಎಷ್ಟೋ ಕಥೋಲಿಕ ಕುಟುಂಬಗಳ ಮಕ್ಕಳು ಆ ದೇಶದಲ್ಲಿ ನೆಲೆಸಿದ್ದಾರೆ. ಅವರಲ್ಲಿ ಶುಶ್ರೂಷೆಯನ್ನೇ ವೃತ್ತಿಯಾಗಿಸಿಕೊಂಡವರೂ ಇದ್ದಾರೆ. ಅದು ಶ್ರೀಮಂತ ದೇಶ. ಕಾನೂನು, ತಪಾಸಣೆ, ಸರಕಾರದ ಧನಸಹಾಯ ಎಲ್ಲವೂ ಇರುವ ದೇಶ. ಹಾಗಿದ್ದೂ ಅಲ್ಲಿ ನಡೆದದ್ದೇನು? ಆ ದೇಶದ ಆರೋಗ್ಯ ಮಾಹಿತಿ ಸಂಸ್ಥೆಯು 2020ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಲ್ಲಿಯವರೆಗೆ ಕೊರೋನಾದಿಂದ ಸತ್ತವರಲ್ಲಿ ಶೇಕಡ 81 ಮಂದಿ ದೀರ್ಘಕಾಲದ ಶುಶ್ರೂಷಾಲಯಗಳ ನಿವಾಸಿಗಳಾಗಿದ್ದರು. ಅದೇ ವರದಿ ಹೋಲಿಕೆಗೆ ತೆಗೆದುಕೊಂಡ ಇತರ ಮುಂದುವರಿದ ರಾಷ್ಟ್ರಗಳ ಸರಾಸರಿ ಶೇಕಡ 38 ಆಗಿತ್ತು. ಅಂದರೆ ಬೀದಿಯಲ್ಲಿ, ಮಾರುಕಟ್ಟೆಯಲ್ಲಿ ಓಡಾಡುತ್ತಿದ್ದವರಿಗಿಂತ, ಸುರಕ್ಷಿತವಾಗಿರಲೆಂದು ನಾಲ್ಕು ಗೋಡೆಗಳ ನಡುವೆ ಇರಿಸಲ್ಪಟ್ಟವರನ್ನೇ ರೋಗವು ಹೆಚ್ಚಾಗಿ ಬಲಿತೆಗೆದುಕೊಂಡಿತು.

ಒಂಟಾರಿಯೊ ಪ್ರಾಂತ್ಯದಲ್ಲಿ 2020ರ ಮಾರ್ಚ್ ಮಧ್ಯಭಾಗದಲ್ಲಿ ಶುಶ್ರೂಷಾಲಯಗಳಿಗೆ ಕುಟುಂಬದವರ ಪ್ರವೇಶವನ್ನು ನಿಲ್ಲಿಸಲಾಯಿತು. ಕೆಲವೇ ವಾರಗಳಲ್ಲಿ ಕೆಲಸಗಾರರು ತಾವೇ ಕಾಯಿಲೆ ಬಿದ್ದರು. ಇನ್ನು ಕೆಲವರು ಹೆದರಿ ಬಾರದಾದರು. ಸ್ಥಿತಿ ಕೈಮೀರಿದಾಗ ಪ್ರಾಂತ್ಯದ ಸರಕಾರವು ಸೈನ್ಯದ ನೆರವನ್ನು ಬೇಡಿತು. ಐದು ಶುಶ್ರೂಷಾಲಯಗಳಿಗೆ ಹೋದ ಸೈನಿಕರು ತಾವು ಕಂಡದ್ದನ್ನು ಬರೆದುಕೊಟ್ಟರು. ಆ ವರದಿಯನ್ನು ಮೇ 26ರಂದು ಪ್ರಾಂತ್ಯದ ಮುಖ್ಯಸ್ಥರು ಬಹಿರಂಗಪಡಿಸಿದರು. ಹೇಸಿಗೆಯಾದ ಬಟ್ಟೆಯಲ್ಲೇ ಬಿಡಲ್ಪಟ್ಟ ವೃದ್ಧರು, ನೆರವಿಗಾಗಿ ಕೂಗಿ ಕೂಗಿ ಉತ್ತರ ಸಿಗದವರು, ಜಿರಲೆಗಳು, ಅವಧಿ ಮೀರಿದ ಔಷಧಿಗಳು, ಬಲವಂತದಿಂದ ತುರುಕಿದ ತುತ್ತು - ಹೀಗೆ ಓದಲಾಗದ ಸಂಗತಿಗಳು ಅದರಲ್ಲಿದ್ದವು.

ಇಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಮಾರ್ಚ್ ತಿಂಗಳಿಂದ ಮೇ ತಿಂಗಳವರೆಗೆ ಆ ಕೋಣೆಗಳೊಳಗೆ ನಡೆಯುತ್ತಿದ್ದುದನ್ನು ಹೊರಜಗತ್ತಿಗೆ ತಿಳಿಸಲು ಕೊನೆಗೆ ಸೈನಿಕರೇ ಬರಬೇಕಾಯಿತು. ಅದಕ್ಕೆ ಮುಂಚೆ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದವರು ಹೆಂಡತಿ, ಮಗಳು, ಮಗ, ಸೊಸೆ ಇವರೇ. ದಿನವೂ ಬಂದು ಊಟ ಮಾಡಿಸುವವರು, ಬೆನ್ನಿನ ಹುಣ್ಣನ್ನು ನೋಡಿ ದಾದಿಗೆ ಹೇಳುವವರು, ತಂದೆಯವರು ಇಂದು ನೀರು ಕುಡಿದಿಲ್ಲವೆಂದು ಗುರುತಿಸುವವರು ಇವರಾಗಿದ್ದರು. ಇವರನ್ನು ಕೇವಲ ಭೇಟಿಗೆ ಬರುವವರೆಂದು ಎಣಿಸಿ ಹೊರಗಿಟ್ಟಾಗ, ನಿವಾಸಿಗಳು ತಮ್ಮ ಶುಶ್ರೂಷಕರನ್ನೂ ಸಾಕ್ಷಿಗಳನ್ನೂ ಒಟ್ಟಿಗೆ ಕಳೆದುಕೊಂಡರು.

ಮಹಾಮಾರಿಗೆ ಮೊದಲೇ ಅಲ್ಲಿ ಬಿರುಕುಗಳಿದ್ದವು. ಹಳೆಯ ಕಟ್ಟಡಗಳಲ್ಲಿ ಒಂದೇ ಕೋಣೆಯಲ್ಲಿ ನಾಲ್ವರು ಮಲಗುತ್ತಿದ್ದರು. ಶೌಚಾಲಯ ಎಲ್ಲರಿಗೂ ಒಂದೇ. ಕಡಿಮೆ ಸಂಬಳದ ಕೆಲಸಗಾರರು ಹೊಟ್ಟೆಪಾಡಿಗಾಗಿ ಎರಡು ಮೂರು ಶುಶ್ರೂಷಾಲಯಗಳಲ್ಲಿ ದುಡಿಯಬೇಕಾಗಿದ್ದುದರಿಂದ ರೋಗವೂ ಅವರೊಡನೆ ಸಂಚರಿಸಿತು. ಬ್ರಿಟಿಷ್ ಕೊಲಂಬಿಯ ಪ್ರಾಂತ್ಯವು 2020ರ ಮಾರ್ಚ್ ಕೊನೆಯಲ್ಲಿಯೇ ಒಬ್ಬ ಕೆಲಸಗಾರ ಒಂದೇ ಕಡೆ ದುಡಿಯಬೇಕೆಂದು ವಿಧಿಸಿ ವೇತನವನ್ನೂ ಸರಿಪಡಿಸಿತು; ಒಂಟಾರಿಯೊದಲ್ಲಿ ಅಂಥ ಆಜ್ಞೆ ಜಾರಿಗೆ ಬಂದದ್ದು ಏಪ್ರಿಲ್ 22ರಂದು. ಪ್ರತಿ ಶುಶ್ರೂಷಾಲಯದ ಸಮಗ್ರ ವಾರ್ಷಿಕ ತಪಾಸಣೆಯೂ ಅಲ್ಲಿ 2018ರ ನಂತರ ಬಹುಮಟ್ಟಿಗೆ ಕೈಬಿಡಲ್ಪಟ್ಟಿತ್ತು. 2003ರ ಸಾರ್ಸ್ ರೋಗದ ಬಳಿಕ ತಜ್ಞರು ನೀಡಿದ ಎಚ್ಚರಿಕೆಗಳು ಕಡತಗಳಲ್ಲಿ ಉಳಿದಿದ್ದವು. ನ್ಯಾಯಮೂರ್ತಿ ಫ್ರಾಂಕ್ ಮರೋಕೊ ಅವರ ಅಧ್ಯಕ್ಷತೆಯ ವಿಚಾರಣಾ ಆಯೋಗವು 2021ರ ಏಪ್ರಿಲ್ 30ರಂದು ವರದಿ ಒಪ್ಪಿಸುವ ವೇಳೆಗೆ ಆ ಒಂದೇ ಪ್ರಾಂತ್ಯದ ಶುಶ್ರೂಷಾಲಯಗಳಲ್ಲಿ ನಾಲ್ಕು ಸಾವಿರದಷ್ಟು ನಿವಾಸಿಗಳೂ 11 ಮಂದಿ ಕೆಲಸಗಾರರೂ ಮೃತಪಟ್ಟಿದ್ದರು.

ಆದರೆ ಈ ಕತ್ತಲಲ್ಲಿಯೂ ಬೆಳಕು ಕಂಡಿತು. ಅದನ್ನು ತಂದವರು ಕುಟುಂಬದವರೇ. ಅವರು ಕಿಟಕಿಯ ಹೊರಗೆ ನಿಂತರು, ಫಲಕ ಹಿಡಿದರು, ಪತ್ರಿಕೆಗಳಿಗೆ ಬರೆದರು, ಶಾಸಕರ ಮನೆಬಾಗಿಲು ತಟ್ಟಿದರು. ಫಲವಾಗಿ 2020ರ ಸೆಪ್ಟೆಂಬರಿನಲ್ಲಿ ಒಂಟಾರಿಯೊ ಸರಕಾರವು ಪ್ರತಿಯೊಬ್ಬ ನಿವಾಸಿಗೂ ಇಬ್ಬರು 'ಅಗತ್ಯ ಪಾಲಕ'ರನ್ನು ಹೆಸರಿಸುವ ಅವಕಾಶ ನೀಡಿತು. ಅವರು ಮುಖಗವಸು, ಪರೀಕ್ಷೆ ಮುಂತಾದ ನಿಯಮಗಳನ್ನು ಪಾಲಿಸಿ ಒಳಗೆ ಬರಬಹುದಾಯಿತು. 2021ರಲ್ಲಿ ರಚಿತವಾಗಿ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯು ಪಾಲಕರ ನಿರಂತರ ಆಸರೆಯನ್ನು ನಿವಾಸಿಯ ಹಕ್ಕುಗಳ ಪಟ್ಟಿಯಲ್ಲೇ ಸೇರಿಸಿತು. ಅಮೆರಿಕದ ಟೆಕ್ಸಾಸ್ ರಾಜ್ಯದ ಮತದಾರರು 2021ರ ನವೆಂಬರಿನಲ್ಲಿ ಇಂಥ ಹಕ್ಕನ್ನು ತಮ್ಮ ಸಂವಿಧಾನದಲ್ಲಿಯೇ ಬರೆದಿಟ್ಟರು. ಇಂಗ್ಲೆಂಡಿನಲ್ಲಿ ಶುಶ್ರೂಷಾಲಯಗಳಲ್ಲಿದ್ದ ತಂದೆಯರನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು ಸರಕಾರದ ವಿರುದ್ಧ ದಾವೆ ಹೂಡಿದರು. ಆಸ್ಪತ್ರೆಗಳಿಂದ ವೃದ್ಧರನ್ನು ಸೋಂಕಿನ ಪರೀಕ್ಷೆಯಿಲ್ಲದೆ ಶುಶ್ರೂಷಾಲಯಗಳಿಗೆ ಕಳುಹಿಸಿದ ನೀತಿಯು ಕಾನೂನುಬಾಹಿರವೆಂದು ಅಲ್ಲಿನ ಉಚ್ಚ ನ್ಯಾಯಾಲಯವು 2022ರ ಏಪ್ರಿಲ್ 27ರಂದು ತೀರ್ಪಿತ್ತಿತು.

ಕುಟುಂಬದವರನ್ನು ಒಳಗೆ ಬಿಟ್ಟರೆ ರೋಗ ಹರಡದೇ ಎಂದು ಕೆಲವರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ನೆದರ್ಲೆಂಡ್ಸ್ ದೇಶದಲ್ಲಿ 2020ರ ಮೇ 11ರಿಂದ 26 ಶುಶ್ರೂಷಾಲಯಗಳಲ್ಲಿ ಪ್ರತಿ ನಿವಾಸಿಗೆ ಒಬ್ಬರಂತೆ, ಕಟ್ಟುನಿಟ್ಟಾದ ನಿಯಮಗಳೊಂದಿಗೆ, ಭೇಟಿಗೆ ಅನುಮತಿ ನೀಡಿ ಪರಿಣಾಮವನ್ನು ತಜ್ಞರು ಪರಿಶೀಲಿಸಿದರು. ಆ ವಾರಗಳಲ್ಲಿ ಭೇಟಿಯ ಕಾರಣದಿಂದ ಹೊಸ ಸೋಂಕು ಕಂಡುಬರಲಿಲ್ಲ. ನಿವಾಸಿಗಳ ಮನಸ್ಸಿಗೆ ಆದ ಉಪಕಾರವು ಎದ್ದು ಕಾಣುತ್ತಿತ್ತು. ರೋಗದ ಹಾವಳಿ ಅತಿಯಾಗಿರುವ ದಿನಗಳಲ್ಲಿ ಇನ್ನೂ ಬಿಗಿಯಾದ ಕ್ರಮಗಳು ಬೇಕಾಗಬಹುದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಎಲ್ಲರಿಗೂ ಬಾಗಿಲು ತೆರೆಯುವುದಕ್ಕೂ, ತರಬೇತಿ ಪಡೆದ ಒಬ್ಬ ಆಪ್ತರಿಗೆ ಬಾಗಿಲು ತೆರೆಯುವುದಕ್ಕೂ ಅಜಗಜಾಂತರವಿದೆ.

ಈಗ ನಮ್ಮ ನಾಡಿನತ್ತ ತಿರುಗೋಣ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ನಮ್ಮ ವೃದ್ಧಾಶ್ರಮಗಳ ಬಾಗಿಲುಗಳೂ ಮುಚ್ಚಿದವು. ಅನೇಕ ಕಡೆ ಧರ್ಮಭಗಿನಿಯರೂ ಕೆಲಸದವರೂ ತಮ್ಮ ಮನೆಮಠಗಳನ್ನು ಮರೆತು ಹಿರಿಯರೊಡನೆ ಒಳಗೇ ಉಳಿದು ಅವರನ್ನು ಕಾಪಾಡಿದರು. ಆ ಸೇವೆಗೆ ನಾವು ತಲೆಬಾಗುತ್ತೇವೆ. ಆದರೆ ಹಿರಿಯರ ಪರವಾಗಿ ಕೇಳುವವರು ಇದ್ದಾಗ ಏನು ಸಾಧ್ಯವೆಂಬುದಕ್ಕೆ ನಮ್ಮಲ್ಲೂ ಎರಡು ನಿದರ್ಶನಗಳಿವೆ. ಮಾಜಿ ಕೇಂದ್ರ ಸಚಿವ ಅಶ್ವನಿ ಕುಮಾರ್ ಅವರು ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 4ರಂದು ಆದೇಶ ನೀಡಿ, ಅರ್ಹ ವೃದ್ಧರಿಗೆ ಪಿಂಚಣಿ ತಪ್ಪದೆ ತಲಪಬೇಕೆಂದೂ, ವೃದ್ಧಾಶ್ರಮಗಳಲ್ಲಿ ಆರೈಕೆ ಮಾಡುವವರಿಗೆ ರಕ್ಷಣಾ ಉಡುಪು ಒದಗಬೇಕೆಂದೂ, ಆಶ್ರಮಗಳನ್ನು ಸೋಂಕುಮುಕ್ತಗೊಳಿಸಬೇಕೆಂದೂ ರಾಜ್ಯಗಳಿಗೆ ಸೂಚಿಸಿತು. 2021ರ ಮಾರ್ಚ್ 1ರಿಂದ 60 ವರ್ಷ ಮೀರಿದವರಿಗೆ ಲಸಿಕೆ ಆರಂಭವಾದಾಗ ಗುರುತಿನ ಚೀಟಿ ಬೇಕಾಗಿತ್ತು. ಮನೆಯಿಂದ ಹೊರದೂಡಲ್ಪಟ್ಟು ಆಶ್ರಮ ಸೇರಿದ ಮುದುಕಿಯ ಬಳಿ ಆಧಾರ್ ಚೀಟಿ ಎಲ್ಲಿಂದ ಬರಬೇಕು? ಚೀಟಿಯಿಲ್ಲದವರಿಗೂ ಲಸಿಕೆ ನೀಡುವ ವಿಧಾನವನ್ನು ಕೇಂದ್ರ ಆರೋಗ್ಯ ಸಚಿವಾಲಯವು ಮೇ ತಿಂಗಳಲ್ಲಿ ಪ್ರಕಟಿಸಿ, ವೃದ್ಧಾಶ್ರಮಗಳ ನಿವಾಸಿಗಳನ್ನು ಅದರಲ್ಲಿ ಹೆಸರಿಸಿಯೇ ಸೇರಿಸಿತು. ಅಷ್ಟರಲ್ಲಿ ಎರಡನೆಯ ಅಲೆಯು ದೇಶವನ್ನು ಅಪ್ಪಳಿಸಿ ಆಗಿತ್ತು.

ನಮ್ಮ ಕಾನೂನು ಬರಿಗೈಯದಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ರಚಿತವಾದ ಕಾಯಿದೆಯು, ಹಿರಿಯರು ತಾವೇ ಅರ್ಜಿ ಕೊಡಲು ಅಶಕ್ತರಾದಲ್ಲಿ ಅವರಿಂದ ಅಧಿಕಾರ ಪಡೆದ ಬೇರೊಬ್ಬ ವ್ಯಕ್ತಿ ಅಥವಾ ಸಂಸ್ಥೆಯು ನ್ಯಾಯಮಂಡಳಿಯ ಮುಂದೆ ಪೋಷಣೆಯ ಅರ್ಜಿ ಸಲ್ಲಿಸಬಹುದೆನ್ನುತ್ತದೆ. ನ್ಯಾಯಮಂಡಳಿಯೂ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಳ್ಳಬಹುದು. ಬಡ ವೃದ್ಧರಿಗಾಗಿ ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿಗೆ ಸ್ಥಳವಿರುವ ಆಶ್ರಮದ ಆಶಯವೂ ಅದರಲ್ಲಿದೆ. ಆದರೆ ಆಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟ ಇವುಗಳನ್ನು ವಿಧಿಸಲೆಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಲಾದ ತಿದ್ದುಪಡಿ ಮಸೂದೆಯು ಕಾಯಿದೆಯಾಗುವ ಮೊದಲೇ ಆ ಲೋಕಸಭೆಯ ಅವಧಿ ಮುಗಿದುಹೋಯಿತು. ಅದಕ್ಕಾಗಿ ಎಷ್ಟು ಧರ್ಮಕೇಂದ್ರಗಳು ದನಿಯೆತ್ತಿದವು? ನಮ್ಮ ಶಾಲೆಗಳ ಅನುದಾನಕ್ಕಾಗಿ ಮನವಿಪತ್ರ ಹಿಡಿದು ವಿಧಾನಸೌಧದ ಮೆಟ್ಟಿಲೇರಲು ಅರಿತ ಸಮುದಾಯವು, ತನ್ನ ಹಿರಿಯರಿಗಾಗಿ ಅದೇ ಮೆಟ್ಟಿಲೇರಲು ಏಕೆ ಹಿಂಜರಿಯಬೇಕು?

ಇಲ್ಲಿ ನಾವು ಸ್ವಲ್ಪ ಕಹಿಯಾದ ಮಾತೊಂದನ್ನು ಹೇಳಬೇಕಾಗಿದೆ. ಧರ್ಮಸಭೆಯ ಆಶ್ರಮವೆಂದರೆ ಪ್ರಶ್ನಿಸಬಾರದೆಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಬೇರೂರಿದೆ. ಸಿಸ್ಟರುಗಳು ಇಷ್ಟೊಂದು ತ್ಯಾಗ ಮಾಡುತ್ತಿರುವಾಗ ಅವರ ಲೆಕ್ಕಪತ್ರ, ಊಟದ ಪಟ್ಟಿ, ರಾತ್ರಿಪಾಳಿಯ ದಾದಿಯರ ಸಂಖ್ಯೆ ಇವುಗಳನ್ನು ಕೇಳುವುದು ಕೃತಘ್ನತೆಯೆಂದು ಬಗೆಯುತ್ತೇವೆ. ಇದು ತಪ್ಪು ತಿಳುವಳಿಕೆ. ಪ್ರಶ್ನೆಯು ಪ್ರೀತಿಗೆ ವಿರುದ್ಧವಲ್ಲ. ಇಪ್ಪತ್ತು ಮಂದಿ ಅಶಕ್ತರಿಗೆ ರಾತ್ರಿಯಲ್ಲಿ ಒಬ್ಬಳೇ ದಾದಿ ಇದ್ದರೆ ಆ ದಾದಿಗೂ ಅನ್ಯಾಯ, ಹಿರಿಯರಿಗೂ ಅನ್ಯಾಯ. ಅದನ್ನು ಕೇಳುವ ಕುಟುಂಬವೊಂದಿದ್ದರೆ ಮಠದ ಮುಖ್ಯಸ್ಥೆಗೇ ಬಲ ಬರುತ್ತದೆ; ಧರ್ಮಕ್ಷೇತ್ರದ ಮುಂದೆ ಹೆಚ್ಚಿನ ನೆರವನ್ನು ಬೇಡಲು ಅವರಿಗೊಂದು ಆಧಾರ ದೊರೆಯುತ್ತದೆ. 1839ರ ಚಳಿಗಾಲದಲ್ಲಿ ಕುರುಡಿ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟ ಸಂತ ಜಾನ್ ಜುಗಾನ್ ಅವರು 'ಬಡವರ ಕಿರಿಯ ಸಹೋದರಿಯರು' ಎಂಬ ಸಭೆಯನ್ನು ಸ್ಥಾಪಿಸಿದರು. ಆ ಸಭೆಯ ಆಶ್ರಮ ಬೆಂಗಳೂರಿನಲ್ಲಿಯೂ ಇದೆ. ಆ ಸಂತರು ಬುಟ್ಟಿ ಹಿಡಿದು ಮನೆಮನೆಗೆ ತೆರಳಿ ಹಿರಿಯರಿಗಾಗಿ ಬೇಡಿದರು. ಹಾಸಿಗೆ ಬಿಟ್ಟುಕೊಟ್ಟದ್ದು ಸೇವೆ. ಬಾಗಿಲು ಬಾಗಿಲಿಗೆ ಹೋಗಿ ಅವರ ಪರವಾಗಿ ಮಾತನಾಡಿದ್ದು ವಕಾಲತ್ತು. ಎರಡೂ ಒಂದೇ ಪ್ರೀತಿಯಿಂದ ಹುಟ್ಟಿದವು.

ಧರ್ಮಸಭೆಯ ಬೋಧನೆಯೂ ಇದನ್ನೇ ಸಾರುತ್ತದೆ. ಪೋಪ್ ಫ್ರಾನ್ಸಿಸರು 2020ರ ಅಕ್ಟೋಬರಿನಲ್ಲಿ ಹೊರಡಿಸಿದ 'ಫ್ರತೆಲ್ಲಿ ತುತ್ತಿ' ವಿಶ್ವಪತ್ರದಲ್ಲಿ ಮಹಾಮಾರಿಯ ಕಾಲದಲ್ಲಿ ವೃದ್ಧರಿಗೆ ಆದ ಗತಿಯನ್ನು ಪ್ರಸ್ತಾಪಿಸಿದರು. 2021ರ ಜನವರಿಯಲ್ಲಿ ಅವರು ಅಜ್ಜಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವನ್ನು ಘೋಷಿಸಿ, ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬದ ಸಮೀಪದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅದಕ್ಕೆ ಗೊತ್ತುಪಡಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಜೀವಸಂರಕ್ಷಣೆಗಾಗಿರುವ ವ್ಯಾಟಿಕನ್ ಅಕಾಡೆಮಿಯು ಮಹಾಮಾರಿಯ ನಂತರದ ವೃದ್ಧರ ಬಗ್ಗೆ ಪತ್ರವೊಂದನ್ನು ಪ್ರಕಟಿಸಿ, ಹಿರಿಯರು ಸಾಧ್ಯವಾದಷ್ಟು ಕಾಲ ತಮ್ಮ ಮನೆಯಲ್ಲಿಯೇ ಆರೈಕೆ ಪಡೆಯುವಂತಾಗಬೇಕೆಂದು ಒತ್ತಾಯಿಸಿತು. ಆ ಅಕಾಡೆಮಿಯ ಅಂದಿನ ಅಧ್ಯಕ್ಷರಾದ ಮಹಾಧರ್ಮಾಧ್ಯಕ್ಷ ವಿನ್ಚೆನ್ಸೊ ಪಾಲಿಯಾ ಅವರು ಇಟಲಿ ಸರಕಾರದ ಸಮಿತಿಯ ನೇತೃತ್ವ ವಹಿಸಿ ವೃದ್ಧರ ಆರೈಕೆಯ ಸುಧಾರಣೆಗಾಗಿ ದುಡಿದರು. 2023ರ ಮಾರ್ಚ್‌ನಲ್ಲಿ ಆ ದೇಶದಲ್ಲಿ ಅದಕ್ಕೊಂದು ಕಾಯಿದೆಯೂ ಆಯಿತು. ಪವಿತ್ರಾತ್ಮರಿಗೆ ಸಂತ ಯೊವಾನ್ನರು ಬಳಸುವ ಗ್ರೀಕ್ ಪದಕ್ಕೆ, ನೆರವಿಗಾಗಿ ಪಕ್ಕಕ್ಕೆ ಕರೆಯಲ್ಪಟ್ಟವರು, ಪರವಾಗಿ ವಾದಿಸುವವರು ಎಂಬ ಅರ್ಥವಿದೆ. ಆ ಆತ್ಮರನ್ನು ದೃಢೀಕರಣ ಸಂಸ್ಕಾರದಲ್ಲಿ ಪಡೆದ ನಾವು ಇನ್ನೊಬ್ಬರ ಪಕ್ಕದಲ್ಲಿ ನಿಲ್ಲುವುದು ನಮ್ಮ ಕರೆಗೆ ಹೊರತಾದುದಲ್ಲ.

ಆದುದರಿಂದ ಕೆಲವು ಸಲಹೆಗಳನ್ನು ಓದುಗರ ಮುಂದಿಡಬಯಸುತ್ತೇವೆ.

ಮೊದಲನೆಯದಾಗಿ, ಆಶ್ರಮ ಸೇರುವ ಪ್ರತಿಯೊಬ್ಬ ಹಿರಿಯರ ಹೆಸರಿನ ಮುಂದೆ ಒಬ್ಬ ಆಪ್ತ ಪಾಲಕರ ಹೆಸರು ದಾಖಲಾಗಬೇಕು. ಮಹಾಮಾರಿಯ ಕಾಲದಲ್ಲಿ ಅವರನ್ನು ಶುಶ್ರೂಷೆಯ ಪಾಲುದಾರರೆಂದು ಪರಿಗಣಿಸಿ, ಸೋಂಕು ತಡೆಯುವ ತರಬೇತಿ ನೀಡಿ, ಒಳಗೆ ಬಿಡುವ ಏರ್ಪಾಡು ಈಗಲೇ ಲಿಖಿತವಾಗಿರಬೇಕು. ಯಾರೂ ಇಲ್ಲದವರಿಗೆ ಧರ್ಮಕೇಂದ್ರವೇ ಒಬ್ಬರನ್ನು ನೇಮಿಸಲಿ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ, ಮರಿಯ ಸೈನ್ಯ, ಕಥೋಲಿಕ ಸ್ತ್ರೀಯರ ಸಂಘಟನೆಗಳಿಗೆ ಇದಕ್ಕಿಂತ ತಕ್ಕ ಕಾರ್ಯ ಬೇರೊಂದಿಲ್ಲ.

ಎರಡನೆಯದಾಗಿ, ಪ್ರತಿ ಆಶ್ರಮದಲ್ಲಿ ನಿವಾಸಿಗಳ ಸಮಿತಿಯೂ ಕುಟುಂಬದವರ ಸಮಿತಿಯೂ ಇರಲಿ. ಊಟ, ಸ್ನಾನ, ಔಷಧಿ, ನೀರು, ರಾತ್ರಿಯ ಆರೈಕೆ ಇವುಗಳ ಬಗ್ಗೆ ಹಿರಿಯರೇ ಮಾತನಾಡಲು ತಿಂಗಳಿಗೊಮ್ಮೆ ಅವಕಾಶವಾಗಲಿ. ಮಾತು ಬಾರದವರ, ಮರೆವಿನ ಕಾಯಿಲೆಯವರ ಪರವಾಗಿ ಅವರ ಪಾಲಕರು ಮಾತನಾಡಲಿ.

ಮೂರನೆಯದಾಗಿ, ಹಿರಿಯರ ಕಾಗದಪತ್ರಗಳು ಸಿದ್ಧವಿರಲಿ: ಗುರುತಿನ ಚೀಟಿ, ಪಿಂಚಣಿಯ ಪುಸ್ತಕ, ಲಸಿಕೆಯ ದಾಖಲೆ, ಸೇವಿಸುವ ಔಷಧಿಗಳ ಪಟ್ಟಿ, ಯಾವ ಆಸ್ಪತ್ರೆಗೆ ಒಯ್ಯಬೇಕೆಂಬ ಸೂಚನೆ. ಸಂಕಟದ ರಾತ್ರಿಯಲ್ಲಿ ಇವನ್ನು ಹುಡುಕಲು ಸಮಯವಿರುವುದಿಲ್ಲ. ಹಿರಿಯ ನಾಗರಿಕರಿಗಾಗಿರುವ 14567 ಎಂಬ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಆಶ್ರಮದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಲಿ.

ನಾಲ್ಕನೆಯದಾಗಿ, ಸಂಸ್ಕಾರಗಳಿಲ್ಲದೆ ಯಾರೂ ಅಗಲಬಾರದು. ಮಹಾಮಾರಿಯ ಕಾಲದಲ್ಲಿ ರಕ್ಷಣಾ ಉಡುಪು ಧರಿಸಿ ರೋಗಿಗಳ ಅಭ್ಯಂಗ ಸಂಸ್ಕಾರ, ಪಾಪನಿವೇದನೆ, ಪರಮಪ್ರಸಾದಗಳನ್ನು ನೀಡಲು ಸಿದ್ಧರಾದ ಗುರುಗಳ ಪಟ್ಟಿಯೊಂದು ಪ್ರತಿ ಧರ್ಮಕ್ಷೇತ್ರದಲ್ಲಿ ಇರಲಿ. ವೈದ್ಯರ ಪ್ರವೇಶಕ್ಕೆ ದಾರಿಯಿದ್ದರೆ ಗುರುಗಳ ಪ್ರವೇಶಕ್ಕೂ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬಹುದು.

ಐದನೆಯದಾಗಿ, ಧರ್ಮಕ್ಷೇತ್ರವು ವೈದ್ಯರು, ದಾದಿಯರು, ಕಾನೂನು ಬಲ್ಲವರು ಇರುವ ಸಣ್ಣ ತಂಡವನ್ನು ರಚಿಸಿ ವರ್ಷಕ್ಕೊಮ್ಮೆ ತನ್ನ ಆಶ್ರಮಗಳನ್ನು ಸಂದರ್ಶಿಸಲಿ. ಕೆಲಸಗಾರರಿಗೆ ನ್ಯಾಯವಾದ ಸಂಬಳ, ಕಾಯಿಲೆಯ ರಜೆ ಸಿಗುತ್ತಿದೆಯೇ ಎಂದೂ ಅದು ನೋಡಲಿ. ಕಾಯಿಲೆ ಬಿದ್ದ ದಿನದ ಸಂಬಳ ಕಡಿತವಾದರೆ ದಾದಿಯು ಜ್ವರವನ್ನು ಮುಚ್ಚಿಟ್ಟು ಕೆಲಸಕ್ಕೆ ಬರುವಳು. ಅದರ ಫಲವನ್ನು ಉಣ್ಣುವವರು ಹಾಸಿಗೆ ಹಿಡಿದ ಹಿರಿಯರು.

ವಿದೇಶಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೂ ಒಂದು ಮಾತು. ತಿಂಗಳು ತಿಂಗಳು ಹಣ ಕಳುಹಿಸುವುದು ಪುಣ್ಯಕಾರ್ಯವೇ ಸರಿ. ಆದರೆ ಹಣವು ಕೇಳಲಾರದು, ನೋಡಲಾರದು. ವಿಡಿಯೊ ಕರೆಯಲ್ಲಿ ಕ್ಷೇಮವೇ ಎಂದು ಕೇಳಿದರೆ ಅಮ್ಮ ಯಾವಾಗಲೂ ಕ್ಷೇಮವೆಂದೇ ಹೇಳುವಳು. ಮಕ್ಕಳಿಗೆ ಚಿಂತೆ ಹಚ್ಚಬಾರದೆಂಬುದು ತಾಯಿಯ ಸ್ವಭಾವ. ನಿನ್ನೆ ರಾತ್ರಿ ಏನು ಉಂಡಿರಿ, ಸ್ನಾನ ಯಾವಾಗ ಆಯಿತು, ನೋವಿಗೆ ಮಾತ್ರೆ ಕೊಟ್ಟರೇ ಎಂದು ಕೇಳಬೇಕು. ಊರಿನಲ್ಲಿ ಇರುವ ಸೋದರಸಂಬಂಧಿಯನ್ನೋ ಹಳೆಯ ನೆರೆಮನೆಯವರನ್ನೋ ಗೊತ್ತುಪಡಿಸಿ, ವಾರಕ್ಕೊಮ್ಮೆಯಾದರೂ ಹೋಗಿ ಕಣ್ಣಾರೆ ನೋಡಿ ಬರುವಂತೆ ಮಾಡಬೇಕು.

ತಂದೆತಾಯಿಗಳನ್ನು ಗೌರವಿಸಬೇಕೆಂಬ ದೇವರ ಕಟ್ಟಳೆಗೆ ವಯಸ್ಸಿನ ಮಿತಿಯಿಲ್ಲ, ವಿಳಾಸದ ಮಿತಿಯೂ ಇಲ್ಲ. ಅವರು ನಮ್ಮ ಮನೆಯ ಜಗಲಿಯಲ್ಲಿರಲಿ, ಆಶ್ರಮದ ಹಾಸಿಗೆಯಲ್ಲಿರಲಿ, ಅವರು ನಮ್ಮವರೇ. ಈ ಭಾನುವಾರ ಬಲಿಪೂಜೆ ಮುಗಿಸಿ ಹೊರಬರುವಾಗ ಪ್ರತಿಯೊಂದು ಕುಟುಂಬವೂ ತನ್ನ ಧರ್ಮಕೇಂದ್ರದ ಗುರುಗಳನ್ನು ಮೂರು ಪ್ರಶ್ನೆ ಕೇಳಲಿ: ನಮ್ಮ ಧರ್ಮಕೇಂದ್ರದ ಎಷ್ಟು ಮಂದಿ ಹಿರಿಯರು ಆಶ್ರಮಗಳಲ್ಲಿದ್ದಾರೆ? ಅವರಲ್ಲಿ ಯಾರೂ ಭೇಟಿಗೆ ಹೋಗದವರು ಎಷ್ಟು ಮಂದಿ? ನಾಳೆ ಬಾಗಿಲು ಮುಚ್ಚಿದರೆ ಅವರ ಪರವಾಗಿ ಒಳಗೆ ಹೋಗುವವರು ಯಾರು? ಮೂರನೆಯ ಪ್ರಶ್ನೆಗೆ ಒಂದು ಹೆಸರು ಸಿಗುವವರೆಗೆ ನಾವು ಸುಮ್ಮನಿರಲಾಗದು. ಆ ಹೆಸರು ನಮ್ಮದೇ ಆಗಿದ್ದರೆ ಇನ್ನೂ ಒಳ್ಳೆಯದು.